ತರಗೆಲೆಯ ಕೆಳಗಿನ ಮಣ್ಣು: ತುರಹಳ್ಳಿಯಿಂದ ಹೆಸರಘಟ್ಟದವರೆಗೆ

ಶನಿವಾರ, ತುರಹಳ್ಳಿ

ನೀಲಗಿರಿಯಂಥ ಮರ ಮಣ್ಣನ್ನು ಹುಳಿ, ಅಂದರೆ ಆಮ್ಲೀಯ ಮಾಡುತ್ತದೆ, ಅದಕ್ಕೇ ಅದರಡಿ ಏನೂ ಬೆಳೆಯುವುದಿಲ್ಲ ಎನ್ನುವ ಮಾತು ಎಷ್ಟು ನಿಜ ಎಂದು ನೋಡಲು ಈ ಮೂರು ದಿನದ ಸುತ್ತಾಟ. ಮರದ ಬುಡದ ಮಣ್ಣು ನೋಡಬೇಕೆಂದರೆ ಹಿಂಗಾರು ಮಳೆ ಒಂದೆರಡು ದಿನ ಹೊಯ್ದು ಬಿಟ್ಟ ಮೇಲೆ ಹೊರಡಬೇಕು. ಬೇಸಿಗೆಯಲ್ಲಿ ಬೆಂಗಳೂರಿನ ಕೆಂಪು ಮಣ್ಣು ಗಟ್ಟಿಯಾಗಿ ಕೂತಿರುತ್ತದೆ, ಎರೆಹುಳು ಆಳಕ್ಕಿಳಿದಿರುತ್ತದೆ, ತರಗೆಲೆಯೆಲ್ಲ ಒಂದೇ ಥರ ಗರಿಗರಿ. ಅಕ್ಟೋಬರ್ ಕೊನೆಗೆ ಮಣ್ಣು ಹದವಾಗಿರುವುದರಿಂದ ಯಾವ ಎಲೆ ಕೊಳೆಯಿತು, ಯಾವುದು ವರ್ಷದಿಂದ ಹಾಗೇ ಬಿದ್ದಿದೆ ಅನ್ನುವುದು ಒಂದು ಹಿಡಿ ಎತ್ತಿದರೆ ಗೊತ್ತಾಗುತ್ತದೆ.

ಹಸಿರು ಮಾರ್ಗದ ಮೆಟ್ರೋದಲ್ಲಿ ವಾಜರಹಳ್ಳಿಗೆ ಇಳಿದು, ಕನಕಪುರ ರಸ್ತೆಯ ಗಾಡಿಯೊಂದರಲ್ಲಿ ತಟ್ಟೆ ಇಡ್ಲಿ, ಕೆಂಪು ಚಟ್ನಿ ತಿಂದು ಆಟೋ ಹಿಡಿದರೆ ತುರಹಳ್ಳಿ ಕಾಡು ಹತ್ತಿರವೇ. ಸುತ್ತ ಅಪಾರ್ಟ್‌ಮೆಂಟುಗಳು ಏರಿ ನಿಂತಿವೆ. 2021ರಲ್ಲಿ ಇಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ ಸುತ್ತಲಿನ ಜನ ಬೀದಿಗಿಳಿದು ಕಾಡನ್ನು ಕಾಡಾಗಿಯೇ ಬಿಡಿ ಎಂದು ಹಟ ಹಿಡಿದಿದ್ದರು. ಒಳಗೆ ಹೋದರೆ ಎರಡು ಬಗೆಯ ನೆಲ ಸಿಗುತ್ತದೆ: ಬಂಡೆಗಳ ನಡುವಿನ ಹಳೆಯ ಕುರುಚಲು ಕಾಡು, ಮತ್ತು ನೆಡುತೋಪಿನ ನೀಲಗಿರಿ. ಒಂದೇ ಮಳೆ, ಒಂದೇ ಬಂಡೆ ಕರಗಿ ಆದ ಮಣ್ಣು, ಮೇಲಿನ ಮರ ಮಾತ್ರ ಬೇರೆ. ಹೋಲಿಸಿ ನೋಡುವವರಿಗೆ ಇದಕ್ಕಿಂತ ಅನುಕೂಲದ ಜಾಗ ನಗರದೊಳಗೆ ಸಿಗುವುದು ಕಷ್ಟ.

ನೀಲಗಿರಿಯ ಕೆಳಗೆ ತರಗೆಲೆಯನ್ನು ಪದರ ಪದರವಾಗಿ ಎತ್ತಬೇಕು. ಮೇಲೆ ಈ ವರ್ಷದ ಎಲೆ, ಅದರಡಿ ಹೋದ ವರ್ಷದ್ದು, ಬಣ್ಣ ಕಪ್ಪಾಗಿದ್ದರೂ ಆಕಾರ ಕೆಟ್ಟಿಲ್ಲ. ಇನ್ನೂ ಕೆಳಗೆ ಬಿಳಿ ನೂಲಿನಂಥ ಶಿಲೀಂಧ್ರ ಎಲೆಗೆಲೆಯನ್ನು ಹೆಣೆದಿರುತ್ತದೆ. ಅದು ಮುಗಿದ ಕೂಡಲೇ ಕತ್ತರಿಸಿಟ್ಟ ಹಾಗೆ ಕೆಂಪು ಮಣ್ಣು ಶುರು. ಎಲೆ ಮತ್ತು ಮಣ್ಣು ಬೆರೆತ ಕಪ್ಪು ಪದರ ತೆಳುವಾಗಿ ಕಾಣುತ್ತದೆ, ಇಲ್ಲವೇ ಕಾಣುವುದೇ ಇಲ್ಲ. ಎರೆಹುಳುವಿನ ಹಿಕ್ಕೆ ಹುಡುಕಿದರೂ ಸಿಗುವುದು ಅಪರೂಪ. ಕುರುಚಲಿನ ಕಡೆ ಕಾರೆ, ಸುಜ್ಜಲು, ಬೇವಿನ ಅಡಿಯಲ್ಲಿ ಇದೇ ಕೆಲಸ ಮಾಡಿದರೆ ಎಲೆಯ ಪದರ ಬೆರಳ ದಪ್ಪವೂ ಇರುವುದಿಲ್ಲ, ಹಿಕ್ಕೆ ಉಂಡೆ ಉಂಡೆಯಾಗಿ ಸಿಗುತ್ತದೆ. ನೋಡುವುದಕ್ಕೆ ಕೈ ಸಾಕು. ಇದು ಅರಣ್ಯ ಇಲಾಖೆಯ ನೆಲ, ಅನುಮತಿ ಇಲ್ಲದೆ ಗುದ್ದಲಿ ಹಾಕಿ ಮಣ್ಣು ತುಂಬಿಕೊಂಡು ಬರುವಂತಿಲ್ಲ.

ಈ ವ್ಯತ್ಯಾಸದ ಹಿಂದೆ ಹೆಚ್ಚಾಗಿ ಇರುವುದು ಕ್ಯಾಲ್ಸಿಯಂ, ನಮ್ಮ ರೈತರ ಮಾತಿನಲ್ಲಿ ಸುಣ್ಣದಂಶ. ಎರೆಹುಳುವಿಗೆ ಸುಣ್ಣದಂಶವಿರುವ, ಮೆತ್ತನೆಯ ಎಲೆ ಬೇಕು. ಅಂಥ ಎಲೆಯನ್ನು ಅದು ಮಣ್ಣಿಗೆ ಎಳೆದುಕೊಂಡು, ಅರೆದು, ಬೆರೆಸುತ್ತದೆ. ಆ ಎಲೆಯ ಕ್ಯಾಲ್ಸಿಯಂ, ಮೆಗ್ನೀಸಿಯಂ ಮಣ್ಣಿನ ಕಣಗಳಿಗೆ ಅಂಟಿಕೊಂಡು ಹುಳಿಯನ್ನು ತಡೆಯುತ್ತವೆ. ನೀಲಗಿರಿ ಎಲೆಯಲ್ಲಿ ಎಣ್ಣೆ, ಮೇಣ, ಒಗರು ಕೊಡುವ ಫೀನಾಲುಗಳು ಹೆಚ್ಚು. ಹುಳು ಮುಟ್ಟದ ಕಾರಣ ಕೊಳೆಯಿಸುವ ಕೆಲಸ ಶಿಲೀಂಧ್ರದ ಪಾಲಾಗುತ್ತದೆ, ಅದು ನಿಧಾನ, ಮತ್ತು ಆ ಹಾದಿಯಲ್ಲಿ ಹುಟ್ಟುವ ಸಾವಯವ ಆಮ್ಲಗಳು ಮಳೆನೀರಿನ ಜೊತೆ ಕೆಳಗಿಳಿಯುತ್ತವೆ.

ಬಂಡೆಯ ಹಿಂದಿನಿಂದ ತಲೆಯ ಮೇಲೆ ಹೊರೆ ಹೊತ್ತ ಅಜ್ಜಿಯೊಬ್ಬರು ಬಂದರು. ಸೌದೆ ಸಿಕ್ಕಿತಾ ಅಜ್ಜಿ ಎಂದು ಕೇಳಿದ್ದಕ್ಕೆ, “ಸೌದೆ ಎಲ್ಲೈತೆ ಕಣಪ್ಪ, ಬರೀ ಎಲೆ, ಪುಳ್ಳೆ. ಸ್ನಾನದ ನೀರ್ ಕಾಯ್ಸೋಕೆ ಬೇಗ ಹತ್ಕೊಳ್ತದೆ” ಎಂದರು. ಹೊರೆ ಇಳಿಸಿ ಕೂತು, ಮೊದಲು ಇಲ್ಲಿ ದನ ಮೇಯಿಸುತ್ತಿದ್ದುದನ್ನು ಹೇಳಿದರು. “ಈಗ ಈ ಮರದ ಕೆಳಗೆ ದನ ಬಾಯಿ ಹಾಕೋವಂಥದ್ದು ಏನ್ ಹುಟ್ತದೆ? ಲಂಟಾನ, ಬಂದರಿಕೆ. ಅಷ್ಟೇಯ.”

ಅವರು ನೋಡಿದ್ದು ಸರಿ. ಆದರೆ ಅದಕ್ಕೆಲ್ಲ ಹುಳಿಯೇ ಕಾರಣ ಎನ್ನುವುದು ಸರಿಯಲ್ಲ. ಬೆಂಗಳೂರಿನ ಕೆಂಪು ಮಣ್ಣು ಮೊದಲೇ ಸ್ವಲ್ಪ ಹುಳಿ, ಅದರ ರಸಸಾರ (pH, 7ಕ್ಕಿಂತ ಕೆಳಗಿಳಿದಷ್ಟೂ ಹುಳಿ ಹೆಚ್ಚು) ಹೆಚ್ಚಾಗಿ 5.5ರಿಂದ 6.5ರ ನಡುವೆ ಇರುತ್ತದೆ. ನೀಲಗಿರಿಯಿಂದ ಅದು ಇನ್ನೊಂಚೂರು ಇಳಿಯಬಹುದು. ಹುಲ್ಲು ಬಾರದಿರುವುದಕ್ಕೆ ಅದಕ್ಕಿಂತ ದೊಡ್ಡ ಕಾರಣಗಳಿವೆ: ಬೇರು ಮೇಲ್ಪದರದ ತೇವವನ್ನು ಹೀರಿಬಿಡುತ್ತದೆ, ಎಲೆಯ ಎಣ್ಣೆ ಮತ್ತು ಫೀನಾಲುಗಳು ಬೀಜದ ಮೊಳಕೆಯನ್ನು ತಡೆಯುತ್ತವೆ, ಒಣಗಿದ ಮೇಲ್ಮಣ್ಣು ಮೇಣ ಹಿಡಿದಂತಾಗಿ ಮೊದಲ ಮಳೆಯ ನೀರನ್ನು ಒಳಗೆ ಬಿಡುವುದಿಲ್ಲ. ಒಣಗಿದ ಜಾಗದಲ್ಲಿ ಬಾಟಲಿಯಿಂದ ನಾಲ್ಕು ಹನಿ ನೀರು ಬಿಟ್ಟು ನೋಡಿ. ಹನಿ ಹತ್ತು ಸೆಕೆಂಡಾದರೂ ಮಣ್ಣಿನ ಮೇಲೆ ದುಂಡಗೆ ನಿಂತಿದ್ದರೆ ಅಲ್ಲಿ ರಸಸಾರ ಅಳೆಯುವುದಕ್ಕಿಂತ ಮೊದಲು ಯೋಚಿಸಬೇಕಾದದ್ದು ನೀರಿನ ವಿಷಯ.

ಹುಳಿಯ ನಿಜವಾದ ಲೆಕ್ಕ ಇರುವುದು ಕಟಾವಿನಲ್ಲಿ. ಮರ ಬೆಳೆಯುವಾಗ ಮಣ್ಣಿನಿಂದ ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಳೆದುಕೊಳ್ಳುತ್ತದೆ, ಬದಲಿಗೆ ಬೇರಿನಿಂದ ಆಮ್ಲದ ಕಣ ಬಿಡುತ್ತದೆ. ಮರ ಅಲ್ಲೇ ಸತ್ತು ಕೊಳೆತರೆ ಸಾಲ ತೀರಿತು. ಏಳೆಂಟು ವರ್ಷಕ್ಕೊಮ್ಮೆ ಕಡಿದು, ಲಾರಿ ತುಂಬಿ ಕಾಗದದ ಕಾರ್ಖಾನೆಗೆ ಕಳಿಸಿ, ಕೂಳೆ ಚಿಗುರನ್ನು ಮತ್ತೆ ಬೆಳೆಸಿ ಮತ್ತೆ ಕಡಿದರೆ ಸಾಲ ಮಣ್ಣಿನ ತಲೆಯ ಮೇಲೇ ಉಳಿಯುತ್ತದೆ. ನೀಲಗಿರಿಯಲ್ಲಿ ಕ್ಯಾಲ್ಸಿಯಂ ಬಹುಪಾಲು ಕೂಡಿಕೊಳ್ಳುವುದು ತೊಗಟೆಯಲ್ಲಿ. ಆದ್ದರಿಂದ ಕಡಿದ ಜಾಗದಲ್ಲೇ ತೊಗಟೆ ಸುಲಿಸಿ, ಒಂದೇ ಕಡೆ ರಾಶಿ ಹಾಕದೆ ಹರಡಿಸುವುದು ಸುಲಭವಾದ, ದೊಡ್ಡ ಉಪಕಾರ. ರಾಶಿ ಹಾಕಿ ಸುಟ್ಟರೆ ಬೂದಿಯಿಂದ ಆ ಒಂದು ಮೂಲೆಯ ರಸಸಾರ ಏರುತ್ತದೆ, ಎರಡು ಮಳೆಗೆ ಅರ್ಧ ಬೂದಿ ಇಳಿಜಾರಿನಲ್ಲಿ ಹೋಗುತ್ತದೆ.

ಭಾನುವಾರ, ದೊಡ್ಡ ಆಲದ ಮರ ಮತ್ತು ಸಾವನದುರ್ಗ

ಮೈಸೂರು ರಸ್ತೆ ಬಿಟ್ಟು ರಾಮೋಹಳ್ಳಿ ಕಡೆಗೆ ತಿರುಗಿದರೆ ಕೇತೋಹಳ್ಳಿಯ ದೊಡ್ಡ ಆಲದ ಮರ. ನಾಲ್ಕು ನೂರು ವರ್ಷದ್ದೆಂದು ಹೇಳುವ ಮರ, ಸುಮಾರು ಮೂರು ಎಕರೆ ಹಬ್ಬಿದೆ, ನಡುವಿನ ತಾಯಿಬೊಡ್ಡೆ ಸತ್ತು ಬಿಳಲುಗಳೇ ಮರವನ್ನು ಹೊತ್ತು ನಿಂತಿವೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಮುಂಚೆ ತಲುಪಿದರೆ ಒಳ್ಳೆಯದು, ಆಮೇಲೆ ಕಡಲೆಕಾಯಿ, ಸೌತೆಕಾಯಿ ಗಾಡಿಗಳೂ ಜನರೂ ತುಂಬಿಕೊಳ್ಳುತ್ತಾರೆ.

ಆಲ, ಅತ್ತಿ, ಅರಳಿ, ಬಸರಿ, ಗೋಣಿ, ಈ ಇಡೀ ಕುಲದ ಎಲೆಯೊಳಗೆ ಸುಣ್ಣದ ಸಣ್ಣ ಗಂಟುಗಳಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ದ್ರಾಕ್ಷಿ ಗೊಂಚಲಿನಂತೆ ಕಾಣುವ ಇವು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ನಾವು ಗೋಡೆಗೆ ಬಳಿದ ಸುಣ್ಣ ಒಣಗಿ ಆಗುವ ವಸ್ತುವೇ. ಹಣ್ಣಿನಲ್ಲೂ ಕ್ಯಾಲ್ಸಿಯಂ ಹೆಚ್ಚು. ಆಳದಿಂದ ಸುಣ್ಣದಂಶವನ್ನು ಮೇಲೆತ್ತಿ ವರ್ಷವಿಡೀ ನೆಲಕ್ಕೆ ಸುರಿಯುವ ಇಂಥ ಮರ ತೋಪಿನಲ್ಲಿ ಒಂದೆರಡು ಇದ್ದರೂ ಸುತ್ತಲಿನ ಮೇಲ್ಮಣ್ಣಿಗೆ ಅದರ ಪಾಲು ಸಿಗುತ್ತದೆ.

ಹಾಗಾದರೆ ದೊಡ್ಡ ಆಲದ ಮರದಡಿ ಗಿಡಗಳು ತುಂಬಿರಬೇಕಲ್ಲ? ಅಲ್ಲಿ ನೆಲ ಬೋಳು. ದಿನವೂ ಸಾವಿರಾರು ಕಾಲು ತುಳಿದ ಮಣ್ಣಿನಲ್ಲಿ ಗಾಳಿಯಾಡುವ ರಂಧ್ರಗಳೇ ಉಳಿದಿಲ್ಲ, ಮೇಲಿನಿಂದ ದಟ್ಟ ನೆರಳು, ಬಿದ್ದ ಎಲೆಯನ್ನು ಗುಡಿಸಿ ತೆಗೆಯುತ್ತಾರೆ. ರಸಸಾರ ಎಷ್ಟೇ ಚೆನ್ನಾಗಿದ್ದರೂ ತುಳಿದ ನೆಲದಲ್ಲಿ ಮೊಳಕೆ ಏಳುವುದಿಲ್ಲ. ಮರದ ಜಾತಿಯನ್ನಷ್ಟೇ ಹಿಡಿದು ತೀರ್ಪು ಕೊಡುವವರು ಇಲ್ಲಿ ಹತ್ತು ನಿಮಿಷ ನಿಲ್ಲಬೇಕು.

ನಿಂತಿದ್ದಾಗಲೇ ಕೋತಿಯೊಂದು ಚೀಲಕ್ಕೆ ಕೈಹಾಕಿ, ಮಣ್ಣಿನ ರಸಸಾರ ಅಳೆಯಲು ಇಟ್ಟುಕೊಂಡಿದ್ದ ಡಿಸ್ಟಿಲ್ಡ್ ವಾಟರ್ ಬಾಟಲಿ ಎತ್ತಿಕೊಂಡು ಬಿಳಲು ಹತ್ತಿತು. ಕಚ್ಚಿ ನೋಡಿ, ರುಚಿಸದೆ ಬಿಸಾಡಿತು, ನೀರೆಲ್ಲ ನೆಲಕ್ಕೆ ಹೋಯಿತು. ಕಡಲೆಕಾಯಿ ಮಾರುವ ಅಕ್ಕ, “ಚೀಲ ಮುಂದ್ಗಡೆ ಹಾಕೊಳ್ಳಿ ಸಾರ್, ಅದಕ್ಕೆ ಜಿಪ್ ಬಿಚ್ಚೋಕೂ ಬರ್ತದೆ” ಎಂದು ಕೋಲು ಬೀಸಿ ಓಡಿಸಿದರು. ಆ ನೀರಿಗೆ ಬದಲಿ ಎಂದು ಅಂಗಡಿಯ ಮಿನರಲ್ ವಾಟರ್ ತೆಗೆದುಕೊಳ್ಳಬೇಡಿ, ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಅವುಗಳಲ್ಲಿ ಕರಗಿರುವ ಬೈಕಾರ್ಬೊನೇಟ್ ಮಣ್ಣಿನ ಹುಳಿಯನ್ನು ಮುಚ್ಚಿಹಾಕುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಆಗುತ್ತದೆ, ಆದರೆ ಅದರ ಪಕ್ಕದಲ್ಲೇ ಬ್ಯಾಟರಿ ಆ್ಯಸಿಡ್ ಕ್ಯಾನೂ ಇಟ್ಟಿರುತ್ತಾರೆ, ಚೀಟಿ ಓದಿ ಕೊಳ್ಳಬೇಕು.

ಮಂಚನಬೆಲೆ ದಾರಿಯಲ್ಲಿ ಮೋಡ ಕವಿದು ಸಣ್ಣ ಹನಿ ಶುರುವಾಯಿತು. ರಸ್ತೆ ಚಿಕ್ಕದು, ತಿರುವು ಹೆಚ್ಚು, ಎರಡೂ ಕಡೆ ರಾಗಿ ತೆನೆ ಬಾಗಿ ನಿಂತಿತ್ತು. ಊಟಕ್ಕೆ ಹಳ್ಳಿ ಹೋಟೆಲಿನಲ್ಲಿ ಮುದ್ದೆ, ಬಸ್ಸಾರು, ಹುರುಳಿಕಾಳಿನ ಪಲ್ಯ ಸಿಕ್ಕಿತು. ಮಳೆ ಹಿಡಿದಿದ್ದಾಗ ಸಾವನದುರ್ಗದ ಬಂಡೆ ಹತ್ತುವುದು ಅಪಾಯ, ತಪ್ಪಲಿನ ಕಾಡು ಸುತ್ತಿದರೆ ಸಾಕು. ಇದು ಎಲೆ ಉದುರಿಸುವ ಒಣ ಕಾಡು: ದಿಂಡಿಗ, ಮತ್ತಿ, ಕಗ್ಗಲಿ, ಮುತ್ತುಗ, ಅಲ್ಲಲ್ಲಿ ಶ್ರೀಗಂಧ.

ಇಲ್ಲಿ ಎಲೆಯನ್ನು ಎತ್ತಿದಾಗ ಒಂದೇ ಹಿಡಿಯಲ್ಲಿ ಐದಾರು ಜಾತಿ ಬರುತ್ತವೆ. ಮತ್ತಿಯ ದಪ್ಪ ಎಲೆ ನಿಧಾನ, ಕಗ್ಗಲಿಯ ಪುಡಿಪುಡಿ ಎಲೆ ಬೇಗ. ಬೇಗ ಕೊಳೆಯುವುದು ಹುಳುವನ್ನು ಕರೆಯುತ್ತದೆ, ಬಂದ ಹುಳು ನಿಧಾನದ್ದನ್ನೂ ಸ್ವಲ್ಪ ಸ್ವಲ್ಪವಾಗಿ ಮುಗಿಸುತ್ತದೆ. ಮತ್ತಿಯ ತೊಗಟೆಯಲ್ಲಿ ಸುಣ್ಣದಂಶ ಎಷ್ಟಿದೆಯೆಂದರೆ, ಹಿಂದೆ ಕಾಡುಜನ ಅದನ್ನು ಸುಟ್ಟ ಬೂದಿಯನ್ನು ಎಲೆಅಡಿಕೆಗೆ ಸುಣ್ಣದ ಬದಲು ಹಚ್ಚಿಕೊಳ್ಳುತ್ತಿದ್ದರು. ಮರಗಳು ಕೂಡಿಡುವ ಕ್ಯಾಲ್ಸಿಯಂ ಆಕ್ಸಲೇಟನ್ನು ಮಣ್ಣಿನ ಕೆಲವು ಬ್ಯಾಕ್ಟೀರಿಯಾ ತಿಂದು ಕಾರ್ಬೊನೇಟ್ ಮಾಡುತ್ತವೆ. ಪಶ್ಚಿಮ ಆಫ್ರಿಕದ ಇರೋಕೋ ಎಂಬ ಮರದಡಿ, ಹುಳಿ ಮಣ್ಣಿನ ಸೀಮೆಯಲ್ಲೇ, ಈ ದಾರಿಯಿಂದ ಸುಣ್ಣಕಲ್ಲು ಕೂಡಿ ರಸಸಾರ ಏರಿರುವುದನ್ನು ವಿಜ್ಞಾನಿಗಳು ಚೆನ್ನಾಗಿ ದಾಖಲಿಸಿದ್ದಾರೆ.

ಕಾಡಿನ ನೆಲದಲ್ಲಿ ಸೊಗದೆ ಬಳ್ಳಿ, ಮಂಗರವಳ್ಳಿ, ಬಿಲ್ವದ ಮರಿಗಿಡ, ಮೂರ್ನಾಲ್ಕು ಬಗೆಯ ಹುಲ್ಲು. ಬೆಂಕಿ ಬಿದ್ದ ಜಾಗದಲ್ಲಿ ಮಾತ್ರ ಲಂಟಾನ ನುಗ್ಗಿದೆ.

ಸೋಮವಾರ, ಹೆಸರಘಟ್ಟ

ಹೆಸರಘಟ್ಟಕ್ಕೆ ಹೋದದ್ದು ಅಳತೆಗಾಗಿ. ಊರ ಹೊರಗೆ ಒಬ್ಬ ಯಜಮಾನರ ಹೊಲವಿದೆ, ನೀಲಗಿರಿ ಬುಡ ಕೀಳಿಸಿ ರಾಗಿ ಹಾಕಿದ್ದಾರೆ. ಹೊಲಕ್ಕೆ ಅಂಟಿಕೊಂಡೇ ಹಳೆಯ ಗುಂಡುತೋಪು: ಹಿಪ್ಪೆ, ಹೊಂಗೆ, ಮಾವು, ನೇರಳೆ, ಒಂದು ಅತ್ತಿ. ಹೊಲದ್ದಕ್ಕೆ ಯಜಮಾನರ, ತೋಪಿನದ್ದಕ್ಕೆ ಪಂಚಾಯಿತಿಯ ಒಪ್ಪಿಗೆ ಇತ್ತು. ನಂದಿಬೆಟ್ಟದಲ್ಲಿ 1790ರ ಸುಮಾರಿಗೆ ಟಿಪ್ಪು ಸುಲ್ತಾನ ತರಿಸಿ ನೆಡಿಸಿದನೆನ್ನುವ ನೀಲಗಿರಿ ಈ ಸೀಮೆಯ ಹೊಲಹೊಲಕ್ಕೂ ಹಬ್ಬಿ, ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು. “ಜೆಸಿಬಿ ತರ್ಸಿ ಬುಡ ಕೀಳಿಸ್ದೆ ಸಾರ್. ಮೊದಲ್ನೇ ವರ್ಷ ರಾಗಿ ಮೊಣಕಾಲುದ್ದಕ್ಕೂ ಬರ್ಲಿಲ್ಲ” ಎಂದರು ಯಜಮಾನರು.

ಮಾದರಿ ತೆಗೆಯುವಾಗ ಮೇಲಿನ ತರಗೆಲೆಯನ್ನು ಸರಿಸಿಬಿಡಬೇಕು, ಆದರೆ ಕಪ್ಪು ಮಣ್ಣನ್ನು ಕೆರೆಯಬಾರದು. ಮೇಲಿನ 5 ಸೆಂಟಿಮೀಟರ್ ಒಂದು ಚೀಲ, ಅದರ ಕೆಳಗೆ 15ರವರೆಗಿನದು ಇನ್ನೊಂದು. ಮರದ ಪ್ರಭಾವ ಹೆಚ್ಚಾಗಿ ಮೇಲಿನ ಪದರದಲ್ಲೇ ಇರುತ್ತದೆ, ಎರಡನ್ನೂ ಬೆರೆಸಿದರೆ ಕಾಣಬೇಕಾದದ್ದು ತೆಳುವಾಗಿ ಕಳೆದುಹೋಗುತ್ತದೆ. ಬೊಡ್ಡೆಗೆ ತಾಗಿ ತೆಗೆಯಬೇಡಿ, ಕಾಂಡದ ಮೇಲೆ ಹರಿದಿಳಿಯುವ ಮಳೆನೀರು ಅಲ್ಲಿನ ಅಂಕಿಯನ್ನು ಬದಲಿಸಿರುತ್ತದೆ. ಬೊಡ್ಡೆಯಿಂದ ಒಂದು ಮೀಟರ್ ಬಿಟ್ಟು, ಕೊಂಬೆಯ ಅಂಚಿನೊಳಗೆ ಹತ್ತು ಜಾಗದಿಂದ ಒಂದೊಂದು ಹಿಡಿ ತೆಗೆದು ಬೆರೆಸಬೇಕು. ಕಸ ಸುಟ್ಟ ಜಾಗ, ಸಿಮೆಂಟ್ ಬಿದ್ದ ಜಾಗ, ರಸ್ತೆಯಂಚು ಬೇಡ. ನಗರದ ಸುತ್ತ ಸಿಮೆಂಟ್ ಧೂಳು ರಸಸಾರವನ್ನು ಏರಿಸುವಷ್ಟು ಯಾವ ಮರವೂ ಇಳಿಸುವುದಿಲ್ಲ.

ನೆರಳಲ್ಲಿ ಒಣಗಿಸಿ, 2 ಮಿಲಿಮೀಟರ್ ಜರಡಿ ಹಿಡಿದ ಮಣ್ಣು 20 ಗ್ರಾಂ, ಡಿಸ್ಟಿಲ್ಡ್ ವಾಟರ್ 50 ಮಿಲಿಲೀಟರ್. ಅರ್ಧ ಗಂಟೆ ಬಿಡಬೇಕು, ನಡುನಡುವೆ ಕಲಕಬೇಕು. ರಸಸಾರದ ಮೀಟರನ್ನು ಮೊದಲು 7ರ, ಆಮೇಲೆ 4ರ ಬಫರ್‌ನಲ್ಲಿ, ಅಂದರೆ ರಸಸಾರ ಮೊದಲೇ ಗೊತ್ತಿರುವ ದ್ರಾವಣದಲ್ಲಿ, ಸರಿಹೊಂದಿಸಬೇಕು. ಗಾಜಿನ ತುದಿ ಒಣಗಿದ್ದರೆ ಅಂಕಿ ನಿಲ್ಲುವುದೇ ಇಲ್ಲ, ತೇಲುತ್ತಲೇ ಇರುತ್ತದೆ, ಅದನ್ನು ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲೇ ಇಟ್ಟಿರಬೇಕು. ನೆಲಕ್ಕೆ ಚುಚ್ಚುವ ಎರಡು ಕಡ್ಡಿಯ ಅಗ್ಗದ ಮೀಟರನ್ನು ಇಂಥ ಕೆಲಸಕ್ಕೆ ನಂಬಬೇಡಿ. ಹೊಲದಲ್ಲಿ ಹಸಿ ಮಣ್ಣಿನಿಂದ ಮಾಡಿದ ಅಳತೆ ಅಂದಾಜಿಗೆ ಮಾತ್ರ. ಅದಕ್ಕೇ ಇಲ್ಲಿ ಅಂಕಿ ಬರೆಯುತ್ತಿಲ್ಲ. ತೋಪಿನ ಮೇಲ್ಪದರಕ್ಕಿಂತ ಹೊಲದ್ದು ಹುಳಿಯಾಗಿತ್ತು, ಅಂತರ ಒಂದು ಅಂಕಿಯೊಳಗೇ ಇತ್ತು ಎಂದಷ್ಟೇ ಹೇಳಬಹುದು. ಸಣ್ಣ ಅಂತರ ಎಂದು ತಳ್ಳಿಹಾಕುವಂತೆಯೂ ಇಲ್ಲ, ರಸಸಾರದಲ್ಲಿ 0.3 ಇಳಿದರೆ ಆಮ್ಲದ ಕಣ ಎರಡರಷ್ಟಾಗಿರುತ್ತದೆ. ಇಷ್ಟಾದರೂ ಎಲ್ಲವನ್ನೂ ನೀಲಗಿರಿಯ ತಲೆಗೆ ಕಟ್ಟಬಾರದು. ರಾಗಿಗೆ ಹಾಕುವ ಯೂರಿಯಾ, ಡಿಎಪಿ ಕೂಡ ಮಣ್ಣನ್ನು ಹುಳಿ ಮಾಡುತ್ತವೆ.

ಲೋಟದ ಮಣ್ಣು ನೆನೆಯುವ ಅರ್ಧ ಗಂಟೆಯಲ್ಲಿ ಯಜಮಾನರು ಮನೆಯಿಂದ ಮಜ್ಜಿಗೆ ತರಿಸಿದರು, ಮಾತು ಬೆಳೆಯಿತು. ಮರ ಮಣ್ಣನ್ನು ಬದಲಿಸುವುದು ಎಲ್ಲ ದೇಶದಲ್ಲೂ ಹೀಗೇನಾ ಎಂದು ಅವರ ಪ್ರಶ್ನೆ. ಯುರೋಪಿನಲ್ಲಿ ಸ್ಪ್ರೂಸ್, ಪೈನ್ ನೆಟ್ಟ ಕಡೆ ಮೇಲ್ಮಣ್ಣು ಹುಳಿಯಾಗುತ್ತದೆ, ಮೇಪಲ್, ಲಿಂಡನ್, ಆ್ಯಶ್ ಇದ್ದ ಕಡೆ ಅಷ್ಟಾಗಿ ಆಗುವುದಿಲ್ಲ ಎಂಬುದು ಹಳೆಯ ಅನುಭವ. ಪೋಲೆಂಡಿನಲ್ಲಿ 14 ಜಾತಿಯ ಮರಗಳನ್ನು ಒಂದೇ ನೆಲದಲ್ಲಿ ಅಕ್ಕಪಕ್ಕ ನೆಟ್ಟು, ಸುಮಾರು 30 ವರ್ಷದ ಮೇಲೆ ಮಣ್ಣು ನೋಡಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಉದುರಿದ ಎಲೆಯಲ್ಲಿ ಕ್ಯಾಲ್ಸಿಯಂ ಹೆಚ್ಚಿರುವ ಮರದಡಿ ಎರೆಹುಳು ಹೆಚ್ಚು, ರಸಸಾರ ಹೆಚ್ಚು, ತರಗೆಲೆ ಬೇಗ ಮಾಯ. ಎಲೆ ಅಗಲವೋ ಸೂಜಿಯೋ ಅನ್ನುವುದಕ್ಕಿಂತ ಅದರಲ್ಲಿ ಕ್ಯಾಲ್ಸಿಯಂ ಎಷ್ಟು ಅನ್ನುವುದೇ ಅಲ್ಲಿ ಮುಖ್ಯವಾಯಿತು.

“ಹಂಗಾದ್ರೆ ಸಾರಜನಕ ಕೊಡೋ ಅಕೇಶಿಯಾ ಒಳ್ಳೇದಲ್ವಾ?” ಎಂದರು. ಬಹಳ ಜನ ಎಡವುವ ಜಾಗ ಇದು. ಗಾಳಿಯ ಸಾರಜನಕ ಹಿಡಿಯುವ ಮರದಡಿ ಸಾರಜನಕ ಏರುತ್ತದೆ, ನಿಜ. ಅದು ಮಣ್ಣಿನಲ್ಲಿ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ. ಗಿಡಗಳು ಹೀರಿ ಉಳಿದ ನೈಟ್ರೇಟ್ ಮಳೆನೀರಿನೊಂದಿಗೆ ಆಳಕ್ಕಿಳಿಯುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನೂ ಎಳೆದೊಯ್ಯುತ್ತದೆ. ಒತ್ತಾಗಿ ನೆಟ್ಟು, ಕೆಳಗೆ ಬೇರೆ ಗಿಡ ಬಿಡದ ಅಕೇಶಿಯಾ ತೋಪಿನಲ್ಲಿ ಹೀಗಾಗುತ್ತದೆ. ಹೊಂಗೆಯೂ ಸಾರಜನಕ ಹಿಡಿಯುವ ಮರವೇ, ಅದರ ಸೊಪ್ಪಿನಲ್ಲಿ ಸಾರಜನಕ ಶೇ 3ರ ಆಸುಪಾಸು. ನಮ್ಮ ರೈತರು ಅದನ್ನು ಒಂದೇ ಕಡೆ ಒತ್ತಾಗಿ ನೆಡಲಿಲ್ಲ, ಬದುವಿನ ಮೇಲೆ ಅಲ್ಲೊಂದು ಇಲ್ಲೊಂದು ಬೆಳೆಸಿ ಸೊಪ್ಪನ್ನು ಗದ್ದೆಗೆ ತುಳಿದರು. ಬೆಳೆ ಸಾರಜನಕವನ್ನು ಹೀರಿಕೊಂಡಿತು.

ರಸಸಾರ 5.5ಕ್ಕಿಂತ ಕೆಳಗೆ ಹೋದರೆ ಮಣ್ಣಿನ ಅಲ್ಯೂಮಿನಿಯಂ ಕರಗಲು ಶುರುವಾಗಿ ಎಳೆಯ ಬೇರಿನ ತುದಿ ಮೊಂಡಾಗುತ್ತದೆ, ರಂಜಕ ಕಬ್ಬಿಣ ಮತ್ತು ಅಲ್ಯೂಮಿನಿಯಂಗೆ ಕಚ್ಚಿಕೊಳ್ಳುತ್ತದೆ, ದ್ವಿದಳ ಗಿಡಗಳ ಬೇರುಗಂಟು ಸರಿಯಾಗಿ ಕಟ್ಟುವುದಿಲ್ಲ. ಹೊಲ ಆ ಮಟ್ಟಕ್ಕೆ ಬಂದಿದ್ದರೆ ಕೃಷಿ ಸುಣ್ಣ ಬೇಕು. ಎಷ್ಟು ಎನ್ನುವುದನ್ನು ಪ್ರಯೋಗಾಲಯದ ಸುಣ್ಣದ ಬೇಡಿಕೆ ಪರೀಕ್ಷೆಯಿಂದಲೇ ತಿಳಿಯಬೇಕು, ಒಂದೇ ರಸಸಾರದ ಮರಳು ಮಣ್ಣಿಗೂ ಜೇಡಿ ಮಣ್ಣಿಗೂ ಬೇಕಾಗುವ ಪ್ರಮಾಣ ಬೇರೆ. ಬಿತ್ತನೆಗೆ ಎರಡು ಮೂರು ವಾರ ಮೊದಲೇ ಹಾಕಿ ಮಣ್ಣಿಗೆ ಬೆರೆಸಬೇಕು, ಯೂರಿಯಾ ಜೊತೆ ಹಾಕಿದರೆ ಸಾರಜನಕ ಅಮೋನಿಯ ಆಗಿ ಹಾರಿಹೋಗುತ್ತದೆ. ಒಲೆಯ ಬೂದಿಯೂ ಆಗುತ್ತದೆ, ಸುಣ್ಣದ ಎರಡರಷ್ಟು ಬೇಕಾಗುತ್ತದೆ.

ಹಿಂದಿರುಗುವ ದಾರಿಯಲ್ಲಿ ಹೆಸರಘಟ್ಟದ ಹುಲ್ಲುಗಾವಲು. ಇಲ್ಲಿ ಮರ ನೆಡುವ ಉತ್ಸಾಹ ತೋರಿಸಬಾರದು. ತೆಳು ಮಣ್ಣು, ಹುಲ್ಲಿನ ಬೇರು, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳು ಒಂದಕ್ಕೊಂದು ಹೊಂದಿಕೊಂಡಿರುವ ಜಾಗ ಇದು. ಯಾವ ಜಾತಿಯ ಮರ ಬಂದರೂ ಇಲ್ಲಿನದ್ದು ಹೋಗುತ್ತದೆ.

ಹೊರಡುವ ಮುಂಚೆ ಯಜಮಾನರು ಬದುವಿಗೆ ಸಿಲ್ವರ್ ಓಕ್ ಹಾಕಲೇ ಎಂದು ಕೇಳಿದ್ದರು. ಬೇಗ ಬೆಳೆಯುತ್ತದೆ, ಮಾರಾಟವಾಗುತ್ತದೆ. ಆದರೆ ಅದರ ಬೇರು ಕುಂಚದಂಥ ಗೊಂಚಲುಗಳನ್ನು ಬಿಟ್ಟು, ಸಿಟ್ರಿಕ್ ಬಗೆಯ ಆಮ್ಲ ಸುರಿಸಿ ಕಚ್ಚಿಕೊಂಡ ರಂಜಕವನ್ನು ಬಿಡಿಸಿಕೊಳ್ಳುವ ಜಾತಿಯದು, ಎಲೆಯೂ ನಿಧಾನವಾಗಿ ಕೊಳೆಯುತ್ತದೆ. ಸಾಲಿಡೀ ಅದನ್ನೇ ಹಾಕುವುದು ಬೇಡ. ಐದಾರು ಮೀಟರಿಗೊಂದರಂತೆ, ಒಂದು ಸಿಲ್ವರ್ ಓಕ್ ಆದ ಮೇಲೆ ಎರಡು ಹೊಂಗೆ, ನಡುವೆ ಹಿಪ್ಪೆ, ನೀರು ಹರಿಯುವ ಮೂಲೆಗೆ ಒಂದು ಅತ್ತಿ. ಗುಣಿ ಎರಡಡಿ ಉದ್ದ, ಅಗಲ, ಆಳ, ಮೇಲ್ಮಣ್ಣನ್ನು ಬೇರೆ ಇಟ್ಟು ಮೊದಲು ಅದನ್ನೇ ತುಂಬಬೇಕು. ತೋಪಿನ ಹಿಪ್ಪೆ, ಹೊಂಗೆಯ ಬುಡದಿಂದ ಎರಡು ಬುಟ್ಟಿ ಕಪ್ಪು ಮಣ್ಣು ತಂದು ಗುಣಿಗಳಿಗೆ ಹಂಚಿದರೆ ಹುಳುವೂ ಜೊತೆಗೇ ಬರುತ್ತದೆ. ನೀಲಗಿರಿಯ ಬುಡ ಎಲ್ಲಾದರೂ ಉಳಿದಿದ್ದರೆ ಚಿಗುರು ಅಂಗೈಯುದ್ದ ಆಗುವ ಮೊದಲೇ ಮುರಿಯುತ್ತಿರಬೇಕು, ಒಂದು ಮಳೆಗಾಲ ಬಿಟ್ಟರೆ ಮತ್ತೆ ಜೆಸಿಬಿಯೇ ಬೇಕಾಗುತ್ತದೆ.

“ಹೊಂಗೆ ಸಸಿ ಕೊಳ್ಳೋದೇನು, ತೋಪಲ್ಲಿ ಉದುರಿ ಹುಟ್ಟಿದ್ದಾವಲ್ಲ” ಎಂದರು ಅವರು. ಒಂದಡಿಗಿಂತ ಕಡಿಮೆ ಇರುವುದನ್ನು ಮಾತ್ರ, ತಾಯಿಬೇರು ಕಡಿಯದಂತೆ ಹಾರೆಯಿಂದ ಮಣ್ಣಿನ ಸಮೇತ ಎತ್ತಬೇಕು. ಅದಕ್ಕಿಂತ ಸುಲಭ, ಹೊಸ ಬೀಜವನ್ನು ಜೂನ್ ಮಳೆಗೆ ನೇರ ಗುಣಿಗೇ ಹಾಕುವುದು, ಗುಣಿಗೆ ಎರಡು ಬೀಜ.